ಬೋಟ್ಸ್ವಾನಾದ ಹೆಂಗಸರು: ಪೌರತ್ವ, ಮನೆ, ಜಮೀನು. ಕೋರ್ಟಿನಲ್ಲಿ ಗೆದ್ದದ್ದೆಷ್ಟು, ಊರಲ್ಲಿ ದಕ್ಕಿದ್ದೆಷ್ಟು?

ಕೆರೆದಂಡೆ:

ಆಫ್ರಿಕಾದ ಚುನಾವಣೆಗಳ ಬಗ್ಗೆ ನಡೆಯುತ್ತಿದ್ದ ಇನ್ನೊಂದು ಎಳೆಯಲ್ಲಿ ಒಬ್ಬರು "ಬೋಟ್ಸ್ವಾನಾ ಬಿಡಿ, ಶಾಂತ ದೇಶ, ವಜ್ರದ ದುಡ್ಡಿದೆ, ಅಲ್ಲಿ ಹೆಂಗಸರಿಗೇನು ತೊಂದರೆ" ಅಂತ ಬರೆದಿದ್ದರು. ಅಲ್ಲೇ ಉತ್ತರ ಕೊಟ್ಟರೆ ವಿಷಯ ದಾರಿ ತಪ್ಪುತ್ತೆ. ಅದಕ್ಕೆ ಇಲ್ಲಿ ಬೇರೆಯಾಗಿ ಶುರು ಮಾಡಿದ್ದೇನೆ.

ಆ ದೇಶಕ್ಕೆ 1966ರಲ್ಲಿ ಸ್ವಾತಂತ್ರ್ಯ ಬಂತು. ಹೆಂಗಸರಿಗೆ ಅದಕ್ಕೂ ಮುಂಚೆ, 1965ರ ಚುನಾವಣೆಯಲ್ಲೇ ಮತ ಇತ್ತು. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಶಾಲೆ, ರಸ್ತೆ, ಆಸ್ಪತ್ರೆ ಒಂದೊಂದಾಗಿ ಬಂದವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಅಲ್ಲಿನ ಪೌರತ್ವ ಕಾಯ್ದೆಯ ಕಥೆ.

1984ರಲ್ಲಿ ತಿದ್ದುಪಡಿಯಾದ ಆ ಕಾಯ್ದೆ ಪ್ರಕಾರ, ಗಂಡ ಹೆಂಡತಿಗೆ ಹುಟ್ಟಿದ ಮಗುವಿಗೆ ಅಪ್ಪನಿಂದ ಪೌರತ್ವ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಅಮ್ಮನಿಂದ. ಈಗ ಯೂನಿಟಿ ಡೌ ಅನ್ನೋ ವಕೀಲೆಯ ಮನೆ ನೋಡಿ. ಊರು ಮೋಚುಡಿ, ರಾಜಧಾನಿ ಗ್ಯಾಬೊರೋನ್‌ಗೆ ಹತ್ತಿರ. ಗಂಡ ಅಮೆರಿಕದವರು, ಬೋಟ್ಸ್ವಾನಾದಲ್ಲೇ ವರ್ಷಗಟ್ಟಲೆ ನೆಲೆಸಿದ್ದವರು. ಮೊದಲ ಮಗು ಹುಟ್ಟಿದ್ದು 1979ರಲ್ಲಿ. ಇವರು ಮದುವೆಯಾದದ್ದು 1984ರಲ್ಲಿ. ಆಮೇಲೆ ಇನ್ನಿಬ್ಬರು ಮಕ್ಕಳು. ಮೂವರಿಗೂ ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ. ದೊಡ್ಡ ಮಗು ಬೋಟ್ಸ್ವಾನಾದ ಪ್ರಜೆ. ಚಿಕ್ಕವರಿಬ್ಬರೂ ವಿದೇಶಿಯರು! ಅಪ್ಪನ ವಾಸದ ಪರವಾನಗಿ ನವೀಕರಣ ಆಗದಿದ್ದರೆ ಆ ಇಬ್ಬರು ಅಮ್ಮನ ದೇಶ ಬಿಟ್ಟು ಹೋಗಬೇಕು. ಅಂದರೆ ಈಯಮ್ಮ ಮದುವೆಯೇ ಆಗದಿದ್ದರೆ ಮೂವರೂ ಪ್ರಜೆಗಳಾಗಿರುತ್ತಿದ್ದರು. ಇದೇ ಊರಿನ ಗಂಡಸು ಅಮೆರಿಕದವಳನ್ನು ಮದುವೆಯಾಗಿದ್ದರೆ ಈ ರಗಳೆಯೇ ಇಲ್ಲ.

ಡೌ ಸರ್ಕಾರದ ಮೇಲೆ ಕೇಸು ಹಾಕಿದರು. 1991ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹೋಯಿತು. 1992ರಲ್ಲಿ ಅಲ್ಲಿಯೂ ಐವರಲ್ಲಿ ಮೂವರು ನ್ಯಾಯಾಧೀಶರು ಡೌ ಪರ ನಿಂತರು.

ಸರ್ಕಾರದ ವಾದ ಕೇಳಬೇಕು ನೀವು. ಸಂವಿಧಾನದ 15ನೇ ಕಲಂನಲ್ಲಿ ಯಾವ ಯಾವ ಆಧಾರದ ಮೇಲೆ ಭೇದ ಮಾಡಬಾರದು ಅಂತ ಪಟ್ಟಿ ಇದೆ: ಜನಾಂಗ, ಬುಡಕಟ್ಟು, ಬಣ್ಣ, ಹುಟ್ಟೂರು, ನಂಬಿಕೆ, ರಾಜಕೀಯ ಅಭಿಪ್ರಾಯ. ಆಗ ಅದರಲ್ಲಿ ಗಂಡು ಹೆಣ್ಣು ಅನ್ನೋದು ಇರಲಿಲ್ಲ. "ಮರೆತು ಬಿಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು. ನಮ್ಮ ಸಮಾಜ ಅಪ್ಪನ ವಂಶದ ಮೇಲೆ ನಿಂತಿದೆ" ಅನ್ನೋದು ಸರ್ಕಾರದ ವಾದದ ಸಾರ. ಕೋರ್ಟು 3ನೇ ಕಲಂ ಕಡೆ ಬೆರಳು ತೋರಿಸಿತು. ಅಲ್ಲಿ ಗಂಡಾಗಲಿ ಹೆಣ್ಣಾಗಲಿ ಎಲ್ಲರಿಗೂ ಹಕ್ಕಿದೆ ಅಂತ ನೇರವಾಗಿ ಬರೆದಿದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಪಟ್ಟಿಯ ಮೌನದಿಂದ ಕಿತ್ತುಕೊಳ್ಳೋಕೆ ಆಗಲ್ಲ ಅಂತಾಯಿತು.

ತೀರ್ಪು ಬಂದ ಮೇಲೂ ಸರ್ಕಾರ ಕಾಯ್ದೆ ತಿದ್ದಿದ್ದು 1995ರಲ್ಲಿ. ಮೂರು ವರ್ಷ ಸುಮ್ನೆ ಎಳೆದರು. 1986ರಲ್ಲೇ ಹುಟ್ಟಿದ್ದ ಎಮಾಂಗ್ ಬಸಾದಿ ಅನ್ನೋ ಹೆಂಗಸರ ಸಂಘಟನೆ ಬೆನ್ನು ಬಿಡದಿದ್ದರೆ ಇನ್ನೂ ಎಳೆಯುತ್ತಿದ್ದರೋ ಏನೋ. ಮುಂದೆ 1998ರಲ್ಲಿ ಡೌ ಅದೇ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಆದರು. ಆಮೇಲೆ ಮಂತ್ರಿಯೂ ಆದರು.

ನನ್ನ ಪ್ರಶ್ನೆ ಇಷ್ಟೇ. ಇಂಥ ಕೇಸುಗಳು ಗೆದ್ದ ಮೇಲೆ ಊರಿನ ಬದುಕು ಬದಲಾಯಿತಾ? ಅಲ್ಲಿ ಇದ್ದು ಬಂದವರು, ಕಾನೂನು ಗೊತ್ತಿರುವವರು ಇದ್ದರೆ ಬರೆಯಿರಿ.

ಗ್ಯಾಬೊರೋನ್ ವಾಪಸ್:

ನಾನು ಅಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೆ. ನಮ್ಮಾಕೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಕೋರ್ಟಿನ ವಿಷಯ ವಕೀಲರು ಹೇಳಲಿ. ನಾನು ಕಂಡಿದ್ದು ಬರೆಯುತ್ತೇನೆ.

ಮೊದಲು ಕಣ್ಣಿಗೆ ಬೀಳುವುದು, ಅಲ್ಲಿ ಮನೆ ನಡೆಸುವವರು ಹೆಂಗಸರು. ಹತ್ತಿರ ಹತ್ತಿರ ಅರ್ಧದಷ್ಟು ಮನೆಗಳಲ್ಲಿ ಯಜಮಾನಿಯೇ ಹೆಂಗಸು. ಅಜ್ಜಿ, ಮಗಳು, ಮೊಮ್ಮಕ್ಕಳು ಒಂದೇ ಸೂರಿನಡಿ. ಇದಕ್ಕೆ ಹಳೇ ಕಾರಣ ಇದೆ. ಬ್ರಿಟಿಷರ ಕಾಲದಿಂದಲೂ ಅಲ್ಲಿನ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಗುತ್ತಿಗೆ ಮೇಲೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಮನೆ ಕಡೆ ಇರುತ್ತಿರಲಿಲ್ಲ. ಊರಲ್ಲಿದ್ದವರೂ ದನದ ಹಿಂದೆ. ಅಲ್ಲಿ ಒಂದು ಕುಟುಂಬಕ್ಕೆ ಮೂರು ಜಾಗ ಇರುತ್ತೆ: ಊರಲ್ಲೊಂದು ಮನೆ, ದೂರದಲ್ಲಿ ಹೊಲ, ಅದಕ್ಕೂ ದೂರದಲ್ಲಿ ದನದ ಠಾಣೆ. ಠಾಣೆ ಗಂಡಸರ ಲೋಕ. ಊರಿನ ಮನೆ, ಹೊಲದ ಕಳೆ, ಮಕ್ಕಳು, ಮುದುಕರು ಎಲ್ಲಾ ಹೆಂಗಸರ ಪಾಲು.

ಆದರೆ ಆಸ್ತಿ ಅಂದರೆ ಅಲ್ಲಿ ದನ. ಮದುವೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಬೊಗಾದಿಯೂ ದನದ ಲೆಕ್ಕದಲ್ಲೇ. ದುಡಿಮೆ ಹೆಂಗಸಿನದು, ಬೆಲೆಬಾಳುವ ಆಸ್ತಿ ಗಂಡಸಿನದು. ಅಲ್ಲಿನ ಗೊಂದಲವೆಲ್ಲ ಇಲ್ಲಿಂದಲೇ ಶುರು ಅಂತ ನನಗನ್ನಿಸೋದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಮ್ಮ ಇದ್ದರು, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಅವರಿದ್ದ ಮೊಟ್ಶೆಲೊ ತಿಂಗಳ ಕೊನೇ ಶನಿವಾರ ಅವರ ಅಂಗಳದಲ್ಲೇ ಸೇರುತ್ತಿತ್ತು. ನಮ್ಮ ಚೀಟಿ ವ್ಯವಹಾರವೇ ಅದು, ಹೆಸರು ಬೇರೆ ಅಷ್ಟೆ. ಒಂದು ಉದ್ದ ಪುಸ್ತಕ, ಒಂದು ತಗಡಿನ ಡಬ್ಬಿ. ಒಬ್ಬಾಕೆ ಹೆಸರು ಕೂಗುತ್ತಾಳೆ, ಇನ್ನೊಬ್ಬಾಕೆ ನೋಟು ಎಣಿಸುತ್ತಾಳೆ, ಮೂರನೆಯವಳು ಮತ್ತೆ ಎಣಿಸುತ್ತಾಳೆ. ಸಾಲ ತಗೊಂಡವಳು ತಿಂಗಳಿಗೆ ನೂರಕ್ಕೆ 20 ಬಡ್ಡಿ ಕಟ್ಟಬೇಕು. ನನಗೆ ಎದೆ ಧಸಕ್ಕೆಂದಿತ್ತು. "ಆ ಬಡ್ಡಿ ಡಿಸೆಂಬರಿನಲ್ಲಿ ನಮಗೇ ಹಂಚಿಕೆ ಆಗುತ್ತಲ್ಲ, ಬ್ಯಾಂಕಿಗೆ ಯಾಕೆ ಕೊಡಬೇಕು" ಅಂದರು ಆಯಮ್ಮ. ಡಿಸೆಂಬರಿನಲ್ಲಿ ಸಕ್ಕರೆ, ಹಿಟ್ಟು, ಎಣ್ಣೆ ಮೂಟೆಗಟ್ಟಲೆ ಬಂದು ಅದೇ ಅಂಗಳದಲ್ಲಿ ಪಾಲಾಗುತ್ತಿತ್ತು. ಮಗಳ ಫೀಸು, ಮನೆಯ ಹಿಂದಿನ ಎರಡು ಬಾಡಿಗೆ ಕೋಣೆ, ಎಲ್ಲಾ ಆ ಡಬ್ಬಿಯಿಂದಲೇ ಎದ್ದದ್ದು.

ಆದರೆ ಜಾಗ ಅವರ ಅಣ್ಣನ ಹೆಸರಲ್ಲಿತ್ತು. ಅದನ್ನು ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು.

ಹಳೇಬೇರು:

ಒಂದು ಮಾತು ಕೇಳಲಾ? ಒಬ್ಬೊಬ್ಬರ ಸಮಾಜಕ್ಕೆ ಅದರದ್ದೇ ಕಟ್ಟುಪಾಡು ಇರುತ್ತೆ. ಅಪ್ಪನಿಂದ ಮಗನಿಗೆ ಅನ್ನೋದು ಅವರ ಹಿರಿಯರು ಮಾಡಿದ್ದು. ಇಂಗ್ಲಿಷ್ ಓದಿದ ವಕೀಲರು ಕೋರ್ಟಿಗೆ ಹೋಗಿ ಅದನ್ನು ಮುರಿದರೆ ನಾವು ಚಪ್ಪಾಳೆ ತಟ್ಟಬೇಕಾ? ಡೌ ಕೇಸಿನಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರು ಎಲ್ಲಿಯವರು ಅಂತಲೂ ಬರೆಯಿರಿ.

ಧಾರವಾಡದ ವಕೀಲೆ:

ಬರೆಯುತ್ತೇನೆ. ಡೌ ಪರ ನಿಂತ ಮೂವರು: ಘಾನಾದ ಅಮಿಸ್ಸಾ, ನೈಜೀರಿಯಾದ ಅಗುಡಾ, ದಕ್ಷಿಣ ಆಫ್ರಿಕಾದ ಜಾರ್ಜ್ ಬಿಝೋಸ್. ಈ ಬಿಝೋಸ್ ನೆಲ್ಸನ್ ಮಂಡೇಲಾ ಅವರ ವಕೀಲರಾಗಿದ್ದವರು. ಆಗ ಬೋಟ್ಸ್ವಾನಾದ ಮೇಲ್ಮನವಿ ಕೋರ್ಟಿಗೆ ಹೊರದೇಶದ ನ್ಯಾಯಾಧೀಶರೇ ಬರುತ್ತಿದ್ದರು. ಅವರನ್ನು ಕರೆಸಿದ್ದು ಅಲ್ಲಿನ ಸರ್ಕಾರವೇ. ಡೌ ವಿರುದ್ಧ ಬರೆದ ಇಬ್ಬರೂ ಹೊರಗಿನವರೇ. ಹಾಗಾಗಿ ಆ ವಾದ ಎರಡೂ ಕಡೆ ಕುಯ್ಯುತ್ತೆ.

ಈಗ ನಿಮಗೆ ಪೂರ್ತಿ ಒಳಗಿನ ಕೇಸು ಹೇಳುತ್ತೇನೆ. ಕಾನ್ಯೆ ಅನ್ನೋ ಊರು, ಬಂಗ್ವಾಕೆಟ್ಸೆ ಜನರ ದೊಡ್ಡ ಊರು. ಅಲ್ಲಿ ಎಡಿತ್ ಮ್ಮುಸಿ ಮತ್ತು ಅವರ ಮೂವರು ಅಕ್ಕತಂಗಿಯರು. ಎಲ್ಲರೂ ವಯಸ್ಸಾದವರು. ಮೇಲ್ಮನವಿ ತೀರ್ಪು ಬರುವ ಹೊತ್ತಿಗೆ ಎಡಿತ್ ಅವರಿಗೆ ಸುಮಾರು 80. ಅಪ್ಪ ಅಮ್ಮನ ಮನೆಯನ್ನು ನೋಡಿಕೊಂಡವರು ಇವರು, ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದವರೂ ಇವರು. ಆದರೆ ಅಲ್ಲಿನ ಪದ್ಧತಿ ಪ್ರಕಾರ ತಂದೆಯ ಮನೆ ಕಿರಿಮಗನಿಗೆ. ಆ ಕಿರಿಮಗನ ಹಕ್ಕು ಮನೆಯೊಳಗಿನ ಒಂದು ಒಪ್ಪಂದದಿಂದ ಮಲ ಸೋದರನಿಗೆ ಹೋಗಿತ್ತು. ಅವನು ತೀರಿಕೊಂಡ ಮೇಲೆ ಅವನ ಮಗ ಬಂದು "ಮನೆ ನಂದು, ಖಾಲಿ ಮಾಡಿ" ಅಂದ. ಸೋದರತ್ತೆಯರಿಗೆ!

ಊರಿನ ಪದ್ಧತಿ ಕೋರ್ಟಿನಿಂದ ಕೇಸು ಒಂದೊಂದೇ ಮೆಟ್ಟಿಲು ಹತ್ತಿತು. ಪದ್ಧತಿ ಕೋರ್ಟುಗಳ ಕೊನೇ ಮೆಟ್ಟಿಲಲ್ಲಿ ಅವನೇ ಗೆದ್ದ. ಆಗ ಅಕ್ಕತಂಗಿಯರು ಹೈಕೋರ್ಟಿಗೆ ಬಂದರು. 2012ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೀ ಡಿಂಗಾಕೆ ಈ ಪದ್ಧತಿ ಸಂವಿಧಾನದ ಸಮಾನತೆಗೆ ವಿರುದ್ಧ ಅಂತ ಬರೆದರು. ಡಿಂಗಾಕೆ ಬೋಟ್ಸ್ವಾನಾದವರೇ, ಗಮನಿಸಿ. ಸಮಾಜ ಇನ್ನೂ ಇದಕ್ಕೆ ಸಿದ್ಧವಾಗಿಲ್ಲ ಅಂತ ಸರ್ಕಾರದ ಕಡೆಯಿಂದ ವಾದ ಬಂದಿತ್ತು. ಹೊಸ ಕಾಲ ಹುಟ್ಟೋಕೆ ಒದ್ದಾಡುತ್ತಿದೆ, ಈಗ ನ್ಯಾಯಾಧೀಶರು ಸೂಲಗಿತ್ತಿಯ ಕೆಲಸ ಮಾಡಬೇಕು ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿದೆ.

2013ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಆದರೆ ದಾರಿ ಬೇರೆ. ಹಳೇಬೇರು ಅವರೇ, ಇದನ್ನು ನೀವು ಓದಲೇಬೇಕು. ಪದ್ಧತಿಯನ್ನು ಹೊಡೆದುಹಾಕುತ್ತೇವೆ ಅಂತ ಆ ಕೋರ್ಟು ಹೇಳಲಿಲ್ಲ. ಪದ್ಧತಿ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಅದು ತಾನೇ ಬದಲಾಗುತ್ತಾ ಬಂದಿದೆ, ಮನೆ ಗಂಡುಮಗನಿಗೆ ಮಾತ್ರ ಅನ್ನೋದಕ್ಕೆ ಈ ಕಾಲದಲ್ಲಿ ತರ್ಕವಿಲ್ಲ ಅಂದಿತು. ನೀವು ಹೇಳುವ "ಹಿರಿಯರು ಮಾಡಿದ್ದು" ಅನ್ನೋದನ್ನೇ ಹಿಡಿದು, ಹಿರಿಯರು ಅದನ್ನು ಕಾಲಕಾಲಕ್ಕೆ ಬದಲಾಯಿಸುತ್ತಲೂ ಬಂದಿದ್ದಾರೆ ಅಂತ ತೋರಿಸಿತು.

ಹಳೇಬೇರು:

ಮೇಡಂ, ಓದಿದೆ. ಆದರೂ ಕಿರಿಮಗನಿಗೆ ಮನೆ ಅನ್ನೋದಕ್ಕೆ ಒಂದು ಅರ್ಥ ಇತ್ತಲ್ವಾ? ದೊಡ್ಡವನಿಗೆ ದನ ಜಾಸ್ತಿ, ಜೊತೆಗೆ ಹಿರಿತನದ ಜವಾಬ್ದಾರಿ. ಕಿರಿಯವನು ಕೊನೇವರೆಗೂ ಮನೆಯಲ್ಲಿದ್ದು ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾನೆ, ಅದಕ್ಕೆ ಮನೆ ಅವನಿಗೆ. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಕಡೆ ಅವರಿಗೊಂದು ಮನೆ. ಇದರಲ್ಲಿ ದ್ವೇಷ ಏನಿದೆ?

ಧಾರವಾಡದ ವಕೀಲೆ:

ದ್ವೇಷ ಅಂತ ಯಾರೂ ಅನ್ನಲಿಲ್ಲ ಸಾರ್. ನೋಡಿಕೊಂಡವರಿಗೆ ಮನೆ ಅನ್ನೋದು ಲೆಕ್ಕವಾದರೆ ಎಡಿತ್ ಅವರಿಗೇ ಸಿಗಬೇಕಿತ್ತು. ಹಕ್ಕು ಮಾತ್ರ ಉಳಿದು ಜವಾಬ್ದಾರಿ ಬಿದ್ದುಹೋಯಿತು. ಕೋರ್ಟಿನ ಕಣ್ಣಿಗೆ ಬಿದ್ದದ್ದೂ ಅದೇ.

ಗ್ಯಾಬೊರೋನ್ ವಾಪಸ್:

ಇದಕ್ಕೆ ಒಂದು ಸೇರಿಸುತ್ತೇನೆ. "ಮದುವೆಯಾಗಿ ಹೋದ ಕಡೆ ಮನೆ" ಅನ್ನೋದು ಅಲ್ಲಿ ಈಗ ಅಷ್ಟಾಗಿ ನಡೆಯಲ್ಲ. ಎಷ್ಟೋ ಹೆಂಗಸರು ಮದುವೆಯೇ ಆಗಿರಲ್ಲ. ಬೊಗಾದಿಗೆ ದನ ಹೊಂದಿಸೋಕೆ ಗಂಡಸಿಗೆ ವರ್ಷಗಳು ಬೇಕು. ಅಷ್ಟರಲ್ಲಿ ಮಕ್ಕಳು ಹುಟ್ಟಿರುತ್ತಾರೆ. ಹೆಣ್ಣು ಅಪ್ಪನ ಮನೆಯಲ್ಲೇ ಇರುತ್ತಾಳೆ. ಮದುವೆ ಆದಾಗ ಅದರ ಸಂಭ್ರಮವೂ ನೋಡಬೇಕು ನೀವು. ಹೆಣ್ಣು ಕೇಳೋಕೆ ಬೆಳಗಿನ ಜಾವ ಹೋಗುತ್ತಾರೆ. ಹೆಂಗಸರೆಲ್ಲ ನೀಲಿ ಅಚ್ಚಿನ ಬಟ್ಟೆಯ ಲಂಗ, ಮೇಲೆ ಮೊಗಾಗೊಲ್ವಾನೆ ಅನ್ನೋ ಚೌಕುಳಿ ಹೊದಿಕೆ, ತಲೆಗೆ ವಸ್ತ್ರ. ಆ ಹೊದಿಕೆ ಹೊದ್ದವಳು ಮದುವೆಯಾದವಳು ಅಂತ ಗುರುತು. ನಮ್ಮಾಕೆಗೂ ಒಂದು ಸಮಾರಂಭದಲ್ಲಿ ಹೊದಿಸಿದ್ದರು. ಬಿಸಿಲಿಗೆ ಬೆವರಿ ನೀರಾದಳು ಪಾಪ.

ಮೇಷ್ಟ್ರು:

ಓದುವ ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಿಲ್ಲ. ಮೊಲೆಪೊಲೊಲೆ ಅನ್ನೋ ಊರಲ್ಲಿ ಶಿಕ್ಷಕರ ತರಬೇತಿ ಕಾಲೇಜು. ಗರ್ಭಿಣಿಯಾದ ವಿದ್ಯಾರ್ಥಿನಿ ತಕ್ಷಣ ಕಾಲೇಜಿಗೆ ತಿಳಿಸಬೇಕು, ಓದು ಬಿಟ್ಟು ಮನೆಗೆ ಹೋಗಬೇಕು ಅನ್ನೋ ನಿಯಮ ಅಲ್ಲಿತ್ತು. ಎರಡನೇ ಸಲ ಆದರೆ ಪೂರ್ತಿ ಹೊರಗೆ. ಮಗುವಿನ ಅಪ್ಪ ಅದೇ ಕ್ಲಾಸಿನಲ್ಲಿ ಕೂತಿದ್ದರೂ ಅವನನ್ನು ಯಾರೂ ಕೇಳಲ್ಲ. ವಿದ್ಯಾರ್ಥಿ ಸಂಘವೇ ಕೋರ್ಟಿಗೆ ಹೋಯಿತು. 1995ರಲ್ಲಿ ಮೇಲ್ಮನವಿ ಕೋರ್ಟು ಆ ನಿಯಮವನ್ನು ತೆಗೆದುಹಾಕಿತು. ಡೌ ತೀರ್ಪನ್ನೇ ಹಿಡಿದುಕೊಂಡು.

ನನಗೆ ಇಷ್ಟವಾಗಿದ್ದು ಇದು. ಮೊದಲ ಕೇಸು ಗೆದ್ದವರು ದೊಡ್ಡ ವಕೀಲೆ. ಎರಡನೆಯದನ್ನು ಗೆದ್ದವರು ವಿದ್ಯಾರ್ಥಿಗಳು, ಮೂರನೆಯದನ್ನು ಊರಿನ ಅಜ್ಜಿಯರು.

ಅವಲಕ್ಕಿ:

ಪಕ್ಕದ ಜಿಂಬಾಬ್ವೆಯಲ್ಲೂ ಇಂಥದ್ದೇ ಕೇಸು ನಡೆದಿಲ್ವಾ? ಅಲ್ಲಿ ಹೆಂಗಸು ಸೋತಳು ಅಂತ ಎಲ್ಲೋ ಓದಿದ ನೆನಪು.

ಧಾರವಾಡದ ವಕೀಲೆ:

ಹೌದು, ಮಗಾಯಾ ಕೇಸು, 1999. ಅಪ್ಪ ತೀರಿಕೊಂಡರು. ದೊಡ್ಡ ಮಗಳು ವೀನಿಯಾ ಮಗಾಯಾ ವಾರಸುದಾರಳು ಅಂತ ಮೊದಲು ಒಪ್ಪಿದ್ದರು. ಮಲ ತಮ್ಮ ಬಂದು ತಕರಾರು ತೆಗೆದ. ಜಿಂಬಾಬ್ವೆಯ ಸುಪ್ರೀಂ ಕೋರ್ಟು ತಮ್ಮನಿಗೆ ಕೊಟ್ಟಿತು. ಆಗಿನ ಅಲ್ಲಿನ ಸಂವಿಧಾನ ಪದ್ಧತಿ ಕಾನೂನಿಗೆ ವಿನಾಯಿತಿ ಕೊಟ್ಟಿತ್ತು, ಭೇದ ಮಾಡಿದರೂ ಪರವಾಗಿಲ್ಲ ಅನ್ನೋ ಹಾಗೆ. ಕೋರ್ಟು ಅದನ್ನೇ ಹಿಡಿಯಿತು. 2013ರ ಹೊಸ ಸಂವಿಧಾನದಲ್ಲಿ ಅದನ್ನು ತಿರುಗಿಸಿದರು. ಹೆಂಗಸರ ಹಕ್ಕಿಗೆ ಅಡ್ಡ ಬರುವ ಪದ್ಧತಿ ಊರ್ಜಿತವಲ್ಲ ಅಂತ ಬರೆದರು.

ಗಮ್ಮತ್ತಿನ ವಿಷಯ ಏನು ಗೊತ್ತಾ? ಬೋಟ್ಸ್ವಾನಾ ಸಂವಿಧಾನದಲ್ಲೂ ಅದೇ ಥರದ ಕಿಂಡಿ ಇದೆ. ಮದುವೆ, ವಿಚ್ಛೇದನ, ವಾರಸು, ಪದ್ಧತಿ ಕಾನೂನು ಇವಕ್ಕೆ 15ನೇ ಕಲಂನಲ್ಲೇ ವಿನಾಯಿತಿ. ಎಡಿತ್ ಮ್ಮುಸಿ ಕೇಸಿನ ಹೊತ್ತಿಗೂ ಅದು ಹಾಗೇ ಇತ್ತು. ಒಂದೇ ಥರದ ಕಿಂಡಿ. ಒಂದು ದೇಶದ ನ್ಯಾಯಾಧೀಶರು ಅದರಿಂದ ಹೆಂಗಸನ್ನು ಆಚೆ ಹಾಕಿದರು, ಇನ್ನೊಂದು ದೇಶದವರು ಅದನ್ನು ಸುತ್ತಿ ಬಂದು ಒಳಗಿಟ್ಟುಕೊಂಡರು. ಅದಕ್ಕೇ ನಾನು ಹೇಳೋದು, ಗೆಲುವು ಅಷ್ಟು ಗಟ್ಟಿಯಲ್ಲ ಅಂತ. ನಾಳೆ ಬೇರೆ ನ್ಯಾಯಾಧೀಶರು ಕೂತರೆ?

ಮೇಷ್ಟ್ರು:

ನಮ್ಮದನ್ನೂ ಒಂಚೂರು ನೋಡಿಕೊಳ್ಳೋಣ. ಭಾರತದ 1955ರ ಪೌರತ್ವ ಕಾಯ್ದೆಯಲ್ಲೂ ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೇಲೆ ಪೌರತ್ವ ಬರುತ್ತಿದ್ದದ್ದು ಅಪ್ಪನಿಂದ ಮಾತ್ರ. ಅಮ್ಮ ಭಾರತೀಯಳಾಗಿದ್ದರೂ ಸಾಲದು. ಅದು ಬದಲಾದದ್ದು 1992ರ ಡಿಸೆಂಬರ್‌ನಲ್ಲಿ. ಡೌ ಗೆದ್ದದ್ದು ಅದೇ ವರ್ಷದ ಜುಲೈನಲ್ಲಿ! ಒಂದಕ್ಕೊಂದು ಸಂಬಂಧ ಇದೆ ಅಂತ ಹೇಳುತ್ತಿಲ್ಲ. ಬೋಟ್ಸ್ವಾನಾ ಹಿಂದುಳಿದಿತ್ತು ಅನ್ನೋರು ಈ ತಾರೀಕು ನೋಡಲಿ ಅಂತ ಬರೆದೆ.

ಆಸ್ತಿ ವಿಷಯದಲ್ಲೂ ಅಷ್ಟೆ. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದದ್ದು 1994ರಲ್ಲಿ. ಅದರಲ್ಲೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿದ್ದರು. ಕೇಂದ್ರದ ಕಾಯ್ದೆ ಬದಲಾಗಿದ್ದು 2005ರಲ್ಲಿ. ಇವತ್ತಿಗೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮಕ್ಕೆ ಒಂದು ಸೀರೆ ಕೊಟ್ಟು ಕಳಿಸೋ ಅಣ್ಣಂದಿರು ನಮ್ಮಲ್ಲೇನು ಕಡಿಮೆಯಾ?

ಅವಲಕ್ಕಿ:

ಮೇಷ್ಟ್ರೇ, ಆ ಕೊನೇ ಸಾಲನ್ನು ನಮ್ಮ ಮನೆ ವಾಟ್ಸಾಪ್ ಗುಂಪಿಗೆ ಹಾಕಿದರೆ ಯುದ್ಧ ಆಗುತ್ತೆ.

ಇನ್ನೊಂದು ಪ್ರಶ್ನೆ. ಇಷ್ಟು ಗಟ್ಟಿ ಹೆಂಗಸರು ಇದ್ದಾರಲ್ಲ, ಹಾಗಾದರೆ ಅಲ್ಲಿನ ಸಂಸತ್ತಿನಲ್ಲಿ ಜಾಸ್ತಿ ಇರಬೇಕಲ್ವಾ?

ಕೆರೆದಂಡೆ:

ಇಲ್ಲ! ಅದೇ ಅಲ್ಲಿನ ದೊಡ್ಡ ವಿಚಿತ್ರ. 2019ರ ಚುನಾವಣೆಯಲ್ಲಿ 57 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು 3. ಪಕ್ಕದ ನಮೀಬಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಸಂಸತ್ತಿನ ಹೆಚ್ಚು ಕಮ್ಮಿ ಐದರಲ್ಲಿ ಎರಡು ಪಾಲು ಹೆಂಗಸರು. ನಮೀಬಿಯಾದಲ್ಲಂತೂ 2025ರ ಮಾರ್ಚ್‌ನಲ್ಲಿ ನೆಟುಂಬೊ ನಂಡಿ-ಎನ್‌ಡೈಟ್ವಾ ಅಧ್ಯಕ್ಷೆಯೇ ಆದರು.

ವ್ಯತ್ಯಾಸ ಚುನಾವಣೆಯ ರೀತಿಯಲ್ಲಿದೆ. ಆ ದೇಶಗಳಲ್ಲಿ ಮತ ಪಕ್ಷಕ್ಕೆ. ಪಕ್ಷ ಒಂದು ಪಟ್ಟಿ ಕೊಡುತ್ತೆ, ಬಂದ ಮತಕ್ಕೆ ತಕ್ಕಂತೆ ಪಟ್ಟಿಯ ಮೇಲಿನಿಂದ ಸೀಟು ಸಿಗುತ್ತೆ. ನಮೀಬಿಯಾದ ಸ್ವಾಪೊ ಪಕ್ಷ ಪಟ್ಟಿಯಲ್ಲಿ ಒಂದು ಗಂಡು, ಒಂದು ಹೆಣ್ಣು ಅಂತ ಸರದಿ ಇಟ್ಟಿತು. ಬೋಟ್ಸ್ವಾನಾದಲ್ಲಿ ನಮ್ಮ ಹಾಗೆ ಒಂದು ಕ್ಷೇತ್ರ, ಒಬ್ಬ ಅಭ್ಯರ್ಥಿ, ಜಾಸ್ತಿ ಮತ ಬಂದವನು ಗೆದ್ದ. ಪಕ್ಷದೊಳಗಿನ ಟಿಕೆಟ್ ಜಗಳದಲ್ಲೇ ದುಡ್ಡು, ಗಾಡಿ, ಓಡಾಟ ಬೇಕು. ದನ ಯಾರ ಹತ್ತಿರ ಇದೆಯೋ ದುಡ್ಡೂ ಅವರ ಹತ್ತಿರ. ಎಮಾಂಗ್ ಬಸಾದಿಯವರು 1994ರಲ್ಲೇ ಹೆಂಗಸರದ್ದೊಂದು ಪ್ರಣಾಳಿಕೆ ಮಾಡಿ ಎಲ್ಲಾ ಪಕ್ಷಗಳ ಮುಂದಿಟ್ಟಿದ್ದರು. ಗಾವೊಸಿಟ್ವೆ ಚಿಯೆಪೆ 1970ರ ದಶಕದಲ್ಲೇ ಮಂತ್ರಿಯಾಗಿದ್ದರು. ಮಾರ್ಗರೆಟ್ ನಾಶಾ 2009ರಲ್ಲಿ ಸ್ಪೀಕರ್ ಆದರು. ಒಬ್ಬಿಬ್ಬರು ಮೇಲಕ್ಕೆ ಹೋಗುತ್ತಾರೆ, ಹಿಂದೆ ಸಾಲೇ ಇಲ್ಲ.

2024ರ ಕೊನೆಗೆ ಹೊಸ ಸರ್ಕಾರ ಬಂದಾಗ ಲೆಸೆಗೊ ಚೊಂಬೊ ಅನ್ನೋ ಯುವ ವಕೀಲೆ ಯುವಜನ ಮತ್ತು ಲಿಂಗ ಸಮಾನತೆ ಖಾತೆಯ ಮಂತ್ರಿಯಾದರು. ಅವರು ಹಿಂದೆ ಮಿಸ್ ಬೋಟ್ಸ್ವಾನಾ ಆಗಿದ್ದವರು. ಪತ್ರಿಕೆಗಳು ಎರಡನೆಯದನ್ನೇ ದೊಡ್ಡದಾಗಿ ಹಾಕಿದವು, ಹೇಳಬೇಕಾಗಿಲ್ಲ.

ಗ್ಯಾಬೊರೋನ್ ವಾಪಸ್:

ಅಲ್ಲೊಂದು ಗಾದೆ ಇದೆ. ಹಸು ಮುಂದೆ ನಡೆದ ಮಂದೆ ಕೊರಕಲಿಗೆ ಬೀಳುತ್ತೆ ಅಂತ. ಹೆಂಗಸು ಚುನಾವಣೆಗೆ ನಿಂತಾಗ ಯಾರಾದರೂ ಒಬ್ಬ ಇದನ್ನು ಹೇಳದೆ ಇರಲ್ಲ.

ಆದರೆ ಊರಿನ ಮುಖ್ಯಸ್ಥರ ವಿಷಯದಲ್ಲಿ ಅದೇ ದೇಶ ಬೇರೆ ಥರ ನಡೆದುಕೊಂಡಿತು. ಗ್ಯಾಬೊರೋನ್ ಪಕ್ಕದ ರಾಮೋಟ್ಸ್ವಾದಲ್ಲಿ ಬಲೇಟೆ ಜನರಿದ್ದಾರೆ. ಮೊಸಾದಿ ಸೆಬೊಕೊ 2003ರಲ್ಲಿ ಅವರ ಪಟ್ಟದ ಮುಖ್ಯಸ್ಥೆ ಆದರು. ಅಷ್ಟು ದೊಡ್ಡ ಪಟ್ಟಕ್ಕೆ ಬಂದ ಮೊದಲ ಹೆಂಗಸು ಅವರು. ಖೋಟ್ಲಾ ಅಂದರೆ ಊರ ಪಂಚಾಯಿತಿ ಕಟ್ಟೆ, ಅರ್ಧಚಂದ್ರದ ಹಾಗೆ ಮರದ ಕಂಬಗಳ ಬೇಲಿ. ಅಲ್ಲಿ ಹಿಂದೆ ಹೆಂಗಸರು ಮಾತಾಡುವ ಹಾಗೇ ಇರಲಿಲ್ಲ. ಪ್ಯಾಂಟು ಹಾಕಿ ಹೋದರೆ ಈಗಲೂ ವಾಪಸ್ ಕಳಿಸುವ ಕಡೆಗಳಿವೆ. ಲಂಗ ಬೇಕು, ತಲೆ ಮುಚ್ಚಿರಬೇಕು. ಆ ಕಟ್ಟೆಯ ನಡುವಿನ ಕುರ್ಚಿಯಲ್ಲೇ ಹೆಂಗಸು ಕೂತರು. ಬಲೇಟೆಯವರ ಜಮೀನನ್ನು ಸರ್ಕಾರ ತನ್ನದು ಅಂದಾಗ ಇವರ ಮುಂದಾಳತ್ವದಲ್ಲೇ ಕೇಸು ನಡೆಯಿತು. 2022ರಲ್ಲಿ ಸರ್ಕಾರ ಸೋತಿತು. ಗಾದೆ ಹೇಳೋರು ಆಗ ಸುಮ್ಮನಿದ್ದರು.

ಹಳೇಬೇರು:

ನೋಡಿ, ಪದ್ಧತಿಯೊಳಗಿಂದಲೇ ಹೆಂಗಸು ಪಟ್ಟಕ್ಕೆ ಬಂದಳು. ಸಂಸತ್ತಿಗೆ ಬರಲಿಲ್ಲ. ನಾನು ಹೇಳುತ್ತಿರೋದೂ ಇದನ್ನೇ.

ಕೆರೆದಂಡೆ:

ಲೆಸೊಥೋಗೆ ಹೋಗಿ ಕೇಳಿ ಸಾರ್. ಅಲ್ಲಿ ಮುಖ್ಯಸ್ಥರೊಬ್ಬರ ಮಗಳು ಸೆನಾಟೆ ಮಸೂಫಾ ಅಪ್ಪನ ಪಟ್ಟ ಬೇಕು ಅಂತ ಕೋರ್ಟಿಗೆ ಹೋದರು. 2013ರಲ್ಲೂ ಸೋತರು, 2014ರಲ್ಲಿ ಮೇಲ್ಮನವಿಯಲ್ಲೂ ಸೋತರು. ಪದ್ಧತಿ ಒಳಗಿಂದ ತಾನೇ ಬದಲಾಗುತ್ತೆ ಅಂತ ಕಾಯುತ್ತಾ ಕೂತರೆ ಒಂದು ಊರಲ್ಲಿ ಮೊಸಾದಿ ಸೆಬೊಕೊ, ಇನ್ನೊಂದು ಊರಲ್ಲಿ ಸೆನಾಟೆ ಮಸೂಫಾ. ಅದೃಷ್ಟದ ಮೇಲೆ ಹಕ್ಕು ಬಿಡೋಕಾಗುತ್ತಾ?

ನರ್ಸಕ್ಕ:

ಎಲ್ಲರೂ ಆಸ್ತಿ, ಪಟ್ಟ ಅಂತಿದ್ದೀರಿ. ನಾನು ಆರೋಗ್ಯದ ಕಡೆ ಬರುತ್ತೇನೆ. ಬೋಟ್ಸ್ವಾನಾದಲ್ಲಿ ಎಚ್‌ಐವಿ ತುಂಬಾ ಜೋರಾಗಿತ್ತು. ದೊಡ್ಡವರಲ್ಲಿ ಹೆಚ್ಚು ಕಮ್ಮಿ ಐವರಲ್ಲಿ ಒಬ್ಬರಿಗೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. 1999ರಲ್ಲಿ ತಾಯಿಯಿಂದ ಮಗುವಿಗೆ ಬರದಂತೆ ತಡೆಯೋ ಕಾರ್ಯಕ್ರಮ ಶುರು ಮಾಡಿದರು. 2002ರಲ್ಲಿ ಪ್ರಜೆಗಳಿಗೆ ಸರ್ಕಾರದಿಂದಲೇ ಉಚಿತ ಔಷಧಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಬೆಳ್ಳಿ ದರ್ಜೆ ಪ್ರಮಾಣಪತ್ರ ಕೊಟ್ಟಿತು. ಸೋಂಕು ಇಷ್ಟು ಹೆಚ್ಚಿರುವ ದೇಶಗಳಲ್ಲಿ ಅದು ಮೊದಲು ಸಿಕ್ಕಿದ್ದು ಅವರಿಗೆ. ತಾಯಂದಿರ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದು ಎಷ್ಟು ದೊಡ್ಡ ಸಾಧನೆ ಅಂತ ಗೊತ್ತಾಗುತ್ತೆ. ಗರ್ಭಿಣಿ ಮೊದಲ ತಪಾಸಣೆಗೆ ಬೇಗ ಬರಬೇಕು, ಪರೀಕ್ಷೆಗೆ ಒಪ್ಪಬೇಕು, ಗುಳಿಗೆ ಒಂದು ದಿನವೂ ತಪ್ಪಿಸಬಾರದು. ಗಂಡನಿಗೆ ಗೊತ್ತಾದರೆ ಹೊಡೆಯುತ್ತಾನೆ ಅನ್ನೋ ಹೆದರಿಕೆ ಇದ್ದರೆ ಇದರಲ್ಲಿ ಯಾವುದೂ ನಡೆಯಲ್ಲ.

ಅಲ್ಲೇ ಅವರು ಎಡವಿರೋದು. ಗುಳಿಗೆ ಮನೆ ಬಾಗಿಲಿಗೆ ಬಂತು, ಹೊಡೆತ ನಿಲ್ಲಲಿಲ್ಲ. ಬಿಟ್ಟು ಹೋಗ್ತೀನಿ ಅಂದ ಹೆಂಗಸನ್ನು ಕೊಂದು ಗಂಡಸು ತಾನೂ ಸಾಯೋ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಎಷ್ಟು ಮಾಮೂಲಾಗಿದೆ ಅಂದರೆ ಅದಕ್ಕೆ ಪ್ರೇಮದ ಹತ್ಯೆ ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ. ಪ್ರೇಮವಂತೆ! 2008ರಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂತು. ಲಾಕ್‌ಡೌನ್ ಸಮಯದಲ್ಲಿ ದೂರು ಏರಿದ ಮೇಲೆ 2020ರಲ್ಲಿ ಪ್ರತ್ಯೇಕ ಕೋರ್ಟುಗಳನ್ನೂ ಘೋಷಿಸಿದರು. ಆದರೆ ಮದುವೆಯೊಳಗಿನ ಅತ್ಯಾಚಾರ ಅಲ್ಲಿನ ಕಾನೂನಿನಲ್ಲಿ ಅಪರಾಧದ ಪಟ್ಟಿಯಲ್ಲಿಲ್ಲ. ನಮ್ಮಲ್ಲೂ ಇಲ್ಲ, ಗೊತ್ತಲ್ಲ.

ಅವಲಕ್ಕಿ:

2017ರಲ್ಲಿ ಗ್ಯಾಬೊರೋನ್ ಬಸ್ ನಿಲ್ದಾಣದಲ್ಲಿ ಬಟ್ಟೆ ಚಿಕ್ಕದು ಅಂತ ಒಬ್ಬ ಹುಡುಗಿಯ ಬಟ್ಟೆ ಎಳೆದಿದ್ದರಲ್ಲ, ಆಮೇಲೆ ಹೆಂಗಸರು ಬೇಕಾದ ಬಟ್ಟೆ ಹಾಕಿಕೊಂಡು ಅಲ್ಲಿಗೇ ಮೆರವಣಿಗೆ ಹೋದರು. ಅದರ ಫೋಟೋ ನೋಡಿದ್ದೆ.

ಗ್ಯಾಬೊರೋನ್ ವಾಪಸ್:

ಹೌದು. ಆ ನಿಲ್ದಾಣದಲ್ಲಿ ನಾನೂ ಕಾಂಬಿ ಹತ್ತಿದ್ದೇನೆ. ಹದಿನೈದು ಜನ ಕೂರೋ ವ್ಯಾನು ಅದು. ಕೂಗಿ ಜನ ತುಂಬಿಸುವ ಹುಡುಗರ ಬಾಯಿ ಅಲ್ಲಿ ಯಾವಾಗಲೂ ಜೋರು. ಸಂಜೆ ಹೊತ್ತು ನಮ್ಮಾಕೆಯನ್ನು ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ.

ಬರದ ವರ್ಷಗಳಲ್ಲಿ ಹೆಂಗಸರ ಕೈ ಹಿಡಿಯೋದು ಇಪೆಲೆಗೆಂಗ್ ಅಂತ ಸರ್ಕಾರದ ಕೂಲಿ ಯೋಜನೆ. ನರೇಗಾ ಥರದ್ದೇ. ರಸ್ತೆ ಬದಿ ಮುಳ್ಳು ಕಡಿಯೋದು, ಕಸ ಗುಡಿಸೋದು. ಕಿತ್ತಲೆ ಬಣ್ಣದ ಅಂಗಿ ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ, ಮುಕ್ಕಾಲು ಪಾಲು ಹೆಂಗಸರೇ. ಕೂಲಿ ತೀರಾ ಕಮ್ಮಿ. ಸರದಿ ಮೇಲೆ ಕೆಲಸ, ಈ ತಿಂಗಳು ಸಿಕ್ಕರೆ ಮುಂದಿನ ತಿಂಗಳು ಇಲ್ಲ.

ಅಡಿಕೆತೋಟ:

ಈಗಷ್ಟೇ ಪೂರ್ತಿ ಓದಿದೆ. ಒಂದು ಅರ್ಥವಾಗಲಿಲ್ಲ. ಮೊಟ್ಶೆಲೊ ದುಡ್ಡಿನಲ್ಲಿ ಕೋಣೆ ಕಟ್ಟಿಸಿದ ಆ ಅಮ್ಮ ಜಾಗವನ್ನು ತಮ್ಮ ಹೆಸರಿಗೇ ಯಾಕೆ ತಗೊಳ್ಳಲಿಲ್ಲ? ಅಲ್ಲಿ ಸರ್ಕಾರವೇ ಜಾಗ ಕೊಡುತ್ತೆ ಅಂತ ಕೇಳಿದ್ದೇನೆ.

ಧಾರವಾಡದ ವಕೀಲೆ:

ಕೊಡುತ್ತೆ. ಅಲ್ಲಿ ಬಹುಪಾಲು ಜಮೀನು ಬುಡಕಟ್ಟು ಭೂಮಿ. ಮುಂಚೆ ಮುಖ್ಯಸ್ಥರು ಹಂಚುತ್ತಿದ್ದರು. 1968ರ ಕಾಯ್ದೆ ಆದ ಮೇಲೆ ಭೂ ಮಂಡಳಿಗಳು ಹಂಚುತ್ತವೆ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ಅರ್ಜಿ ಹಾಕಿ ಕಾಯಬೇಕು. ತೊಂದರೆ ಇದ್ದದ್ದು ಮದುವೆಯಾದವರಿಗೆ. ಗಂಡನಿಗೆ ಒಂದು ನಿವೇಶನ ಇದ್ದರೆ ಹೆಂಡತಿಗೆ ಬೇರೆ ಇಲ್ಲ. ಗಂಡ ಹೆಂಡತಿ ಒಂದೇ ಅಂತ ಲೆಕ್ಕ. ಗಂಡ ಬಿಟ್ಟರೆ, ಸತ್ತರೆ, ಅವಳು ಎಲ್ಲಿಗೆ ಹೋಗಬೇಕು? 2004ರವರೆಗೆ ಇನ್ನೂ ಒಂದಿತ್ತು. ಸಾಮಾನ್ಯ ಕಾನೂನಿನ ಪ್ರಕಾರ ಮದುವೆಯಾದ ದಂಪತಿಯ ಒಟ್ಟು ಆಸ್ತಿಗೆ ಗಂಡನೇ ಯಜಮಾನ. ಆ ವರ್ಷದ ಕಾಯ್ದೆ ಗಂಡನ ಆ ಅಧಿಕಾರವನ್ನು ತೆಗೆಯಿತು. ಪದ್ಧತಿ ಪ್ರಕಾರ ಆದ ಮದುವೆಗಳನ್ನು ಮಾತ್ರ ಮುಟ್ಟಲಿಲ್ಲ.

ನಿವೇಶನದ ನಿಯಮ ಬದಲಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಗಂಡನಿಗೆ ಜಾಗ ಇದೆಯೋ ಇಲ್ಲವೋ, ಹೆಂಡತಿ ತನ್ನ ಹೆಸರಲ್ಲಿ ಅರ್ಜಿ ಹಾಕಬಹುದು ಅಂತ ಆಗಿನ ಅಧ್ಯಕ್ಷ ಮಸಿಸಿ ಘೋಷಿಸಿದರು.

ಅಡಿಕೆತೋಟ:

ಅಂದರೆ ಈಗ ಅರ್ಜಿ ಹಾಕಿದರೆ ಸಿಗುತ್ತೆ?

ಗ್ಯಾಬೊರೋನ್ ವಾಪಸ್:

ಸಿಗುತ್ತೆ, ಸರದಿ ಬಂದಾಗ. ಗ್ಯಾಬೊರೋನ್ ಸುತ್ತಮುತ್ತ ಪಟ್ಟಿ ತುಂಬಾ ಉದ್ದ. ದೇಶದಲ್ಲಿ ಒಟ್ಟು ಲಕ್ಷಗಟ್ಟಲೆ ಅರ್ಜಿ ಬಾಕಿ. ಜನ ಇರೋದೇ ಸುಮಾರು 25 ಲಕ್ಷ, ಲೆಕ್ಕ ಹಾಕಿ. ನಮ್ಮ ಪಕ್ಕದ ಮನೆ ಅಮ್ಮ ಮದುವೆಯಾದವರಲ್ಲ, ಅವರಿಗೆ ಮೊದಲೂ ಅಡ್ಡಿ ಇರಲಿಲ್ಲ. ಅರ್ಜಿ ಹಾಕಿದ್ದರು ಕೂಡ. ನಾವು ಊರಿಗೆ ಹೊರಡುವಾಗ ಆ ರಸೀದಿ ಪ್ಲಾಸ್ಟಿಕ್ ಕವರಿನಲ್ಲಿ ಮೊಟ್ಶೆಲೊ ಡಬ್ಬಿಯಲ್ಲೇ ಇತ್ತು. ಹೋದ ವರ್ಷ ಮಗಳು ಫೋನ್ ಮಾಡಿದ್ದಳು. ಅವಳೂ ಈಗ ತನ್ನ ಹೆಸರಲ್ಲಿ ಒಂದು ಅರ್ಜಿ ಹಾಕಿದ್ದಾಳಂತೆ. ಅವಳಿಗೆ ಮದುವೆಯಾಗಿದೆ, ಗಂಡನಿಗೆ ಜಾಗವೂ ಇದೆ. ಮಂಡಳಿಯ ಗುಮಾಸ್ತ ಮೊದಲು ಗಂಡನನ್ನು ಕರೆದುಕೊಂಡು ಬಾ ಅಂದನಂತೆ. ಇವಳು 2020ರ ಸುತ್ತೋಲೆಯ ಪ್ರತಿ ಮುಂದಿಟ್ಟಳಂತೆ. ಅರ್ಜಿ ತಗೊಂಡ.

ಧಾರವಾಡದ ವಕೀಲೆ:

ರಸೀದಿ ನಂಬರ್ ಬರೆದಿಟ್ಟುಕೊಳ್ಳೋಕೆ ಹೇಳಿ ಅವಳಿಗೆ.